ಹದಿನೇಳನೇ ಕುರ್ಚಿಯ ಗೈರುಹಾಜರಿ

ಪೀಠೋಪಕರಣ ಉದ್ಯಮ ಪ್ರಶಸ್ತಿಯ ತೀರ್ಪುಗಾರರ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, ಈ ಪತ್ರವನ್ನು ಕಚೇರಿಯಲ್ಲಿ ಕೂತು ಓದುತ್ತಿದ್ದರೆ ದಯವಿಟ್ಟು ಒಮ್ಮೆ ಎದ್ದು, ತಮ್ಮ ಕುರ್ಚಿಯನ್ನು ಬೋರಲು ಹಾಕಿ ನೋಡಿ. ಅಡಿಯಲ್ಲಿ ‘ಹದಿನೇಳು’ ಎಂಬ ಚೀಟಿ ಅಂಟಿದೆ. ಈ ವರ್ಷದ ಅತ್ಯುತ್ತಮ ಕುರ್ಚಿ ಸ್ಪರ್ಧೆಗೆ ಬಂದೇ ಇಲ್ಲವೆಂದು ತಾವು ಸಹಿ ಹಾಕಿದ ಕುರ್ಚಿ ಅದೇ.

ನಮಗೆ ತಲುಪಿದ ಅಂಕಪಟ್ಟಿ ಹೀಗಿದೆ: ‘ಹದಿನೇಳು, ಗೈರುಹಾಜರು. ವಿನ್ಯಾಸ ಸೊನ್ನೆ. ಕೂರುವ ಸುಖ ಸೊನ್ನೆ.’ ನಾಲ್ಕು ಕಾಲಿದ್ದ ಮಾತ್ರಕ್ಕೆ ಕುರ್ಚಿ ಎದ್ದು ಓಡಿಹೋಗುತ್ತದೆಯೇ ಸ್ವಾಮಿ? ಟೆಂಪೊದಲ್ಲಿ ಜೊತೆಗೇ ಕೂತು ತಂದವಳು ನಾನು. ತಮ್ಮ ಕಚೇರಿಯ ರಸೀದಿಯೂ ನನ್ನಲ್ಲಿದೆ.

ಮರಗೆಲಸ ನನ್ನ ಯಜಮಾನರದು, ಬೆತ್ತ ಹೆಣೆಯುವುದು ನನ್ನದು. ಈ ಕುರ್ಚಿಯ ಬೆನ್ನಿನ ಬಾಗು ಹದಕ್ಕೆ ಬರಲು ಅವರಿಗೆ ಏಳು ತಿಂಗಳು ಹಿಡಿಯಿತು. ಸರಿಬಾರದ ಹನ್ನೊಂದು ಬೆನ್ನುಗಳು ಒಲೆ ಸೇರಿದವು. ಸೊನ್ನೆ ನೋಡಿದ ದಿನ ಉಳಿಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. “ಸಾಕು ಕಣೇ. ನಂಗೆ ಕೆಲಸ ಬರಲ್ಲ ಅಂತ ದೊಡ್ಡವರೇ ಬರೆದುಕೊಟ್ಟಿದಾರೆ,” ಎಂದರು. ಸೋಮವಾರದಿಂದ ಪ್ಲೈವುಡ್ ಅಂಗಡಿಯಲ್ಲಿ ಹಲಗೆ ಹೊರಲು ಹೋಗುತ್ತಾರಂತೆ. ನನ್ನ ಹೊಟ್ಟೆ ಉರಿಯುತ್ತಿರುವುದು ಇದಕ್ಕೆ, ಬಹುಮಾನಕ್ಕಲ್ಲ.

ನಿನ್ನೆ ಕುರ್ಚಿ ಹುಡುಕಿಕೊಂಡು ತಮ್ಮ ಕಚೇರಿಗೆ ಬಂದೆ. ಸಭಾಕೋಣೆಯ ಮೇಜಿನ ತುದಿಯಲ್ಲಿ, ಬೆನ್ನಿಗೆ ತಮ್ಮ ಕೋಟು ತಗುಲಿಸಿಕೊಂಡು ಅದು ರಾಜಠೀವಿಯಿಂದ ನಿಂತಿತ್ತು. ಕೈ ಇಟ್ಟೆನೋ ಇಲ್ಲವೋ, ಅಟೆಂಡರ್ ಓಡಿಬಂದ.

“ಅಯ್ಯೋ, ಮುಟ್ಬೇಡಿ ಅಮ್ಮಾ! ಅದು ಅಧ್ಯಕ್ಷರದು. ತೀರ್ಪಿನ ಮೊದಲನೇ ದಿನಾನೇ ಅವರ ಕುರ್ಚಿ ಕಾಲು ಮುರೀತು, ಸ್ಪರ್ಧೆ ಸಾಲಲ್ಲಿದ್ದ ಇದನ್ನ ಎಳ್ಕೊಂಡ್ರು. ಆಮೇಲೆ ಮೂರು ದಿನ ಕಾಫಿಗೂ ಏಳ್ಲಿಲ್ಲ. ಮಧ್ಯಾಹ್ನ ಗೊರಕೆ ಬೇರೆ!”

“ಮುರಿದಿದ್ದು ಯಾವುದಪ್ಪಾ?”

“ಹೋದ ವರ್ಷ ಮೊದಲನೇ ಬಹುಮಾನ ಬಂತಲ್ಲ, ಅದು.”

ಭೇಷ್! ಹದಿನೇಳರ ಮೇಲೇ ಕೂತು ‘ಹದಿನೇಳು ಬಂದೇ ಇಲ್ಲ’ ಎಂದು ಸಹಿ ಹಾಕುವುದಕ್ಕೆ ಎಂಥ ಸೂಕ್ಷ್ಮದೃಷ್ಟಿ ಬೇಕು! ಅಂದಹಾಗೆ, ತಾವು ಏಳಲೇ ಇಲ್ಲವೆಂದ ಮೇಲೆ ಮಿಕ್ಕ ಕುರ್ಚಿಗಳ ಸುಖ ತಮಗೆ ತಿಳಿದದ್ದು ಯಾವ ವಿದ್ಯೆಯಿಂದ? ಗೆದ್ದವರಾದರೂ ಯಾತರಿಂದ ಗೆದ್ದರು?

ತಮ್ಮ ಕೋಟು ತೆಗೆದು ಕುರ್ಚಿ ಕೊಡುವ ಧೈರ್ಯ ಆ ಅಟೆಂಡರ್ ಪುಣ್ಯಾತ್ಮನಿಗಿರಲಿಲ್ಲ. ಕುರ್ಚಿ ಅಲ್ಲೇ ಬಿಟ್ಟು ಬಂದೆ. ಮನೆಯಲ್ಲಿ ನಡೆದದ್ದು ಹೇಳಿದರೆ ಯಜಮಾನರು ನಂಬಬೇಕಲ್ಲ! “ನನ್ನ ಸಮಾಧಾನಕ್ಕೆ ಕಥೆ ಕಟ್ಬೇಡ, ಬಿಡೇ,” ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಆದ್ದರಿಂದ ಮುಂದಿನ ವರ್ಷ ತೀರ್ಪುಗಾರರು ಪ್ರತಿ ಕುರ್ಚಿಯಲ್ಲೂ ಒಂದೇ ಸಮ ಅರ್ಧ ಗಂಟೆ ಕೂರಬೇಕೆಂದು ನಿಯಮ ಮಾಡಿ. ನಮಗೆ ಪ್ರಶಸ್ತಿ ಬೇಡ. ಈ ಭಾನುವಾರದೊಳಗೆ ತಾವೇ ನಮ್ಮ ಶೆಡ್ಡಿಗೆ ಬಂದು, ಮೂರು ದಿನ ಯಾಕೆ ಏಳಲಿಲ್ಲವೆಂದು ನನ್ನ ಯಜಮಾನರಿಗೆ ಹೇಳಿ. ಬರುವಾಗ ಹದಿನೇಳನ್ನೂ ತನ್ನಿ. ಈ ಸಲ ಅವರು ಕೂರಲಿ, ತಾವು ನಿಂತುಕೊಂಡು ಹೇಳಿ.

ಇಂತಿ,
ಮೂರು ದಿನ ತಮ್ಮ ಭಾರ ಹೊತ್ತ ಬೆತ್ತವನ್ನು ಹೆಣೆದವಳು