ಸೋಮವಾರದ ಏದುಸಿರು

ಸೋಮವಾರ, ಹದಿನಾಲ್ಕನೇ ತಾರೀಖು.

ಈ ನನ್ನ ನಾಲಿಗೆಯನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ.

ಇಪ್ಪತ್ತು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದ ಮಗ ಇವತ್ತು ಬೆಳಿಗ್ಗೆ ಮೂಟೆ ಬಿಚ್ಚುತ್ತಲೇ ಉಸಿರು ಸಿಗದೆ ಕುಸಿದ. ನಾನು ಆಸ್ಪತ್ರೆಗೆ ಹೋದಾಗ ಮೂಗಿಗೆ ಕೊಳವೆ ಹಾಕಿದ್ದರು. ತುಟಿ ನೀಲಿಗಟ್ಟಿತ್ತು.

"ಯಾವಾಗ ಜಾಸ್ತಿ ಆಗತ್ತೆ?" ಡಾಕ್ಟರಮ್ಮ ಕೇಳಿದರು. ನನ್ನ ಮೊಮ್ಮಗಳಷ್ಟೇ ವಯಸ್ಸು.

ಸೊಸೆ ನನ್ನ ಕಡೆ ತಿರುಗಿದಳು. "ಅತ್ತೇನೇ ಹೇಳ್ಲಿ. ವಾರವಾರ ಹೇಳ್ತಾನೇ ಇದ್ರಲ್ಲ."

ಹೇಳುತ್ತಿದ್ದೆ, ನಿಜ. "ಭಾನುವಾರ ಗುಂಡುಕಲ್ಲಿನ ಹಾಗಿರ್ತೀಯ, ಸೋಮವಾರ ಬಂತು ಅಂದ್ರೆ ಏದುಸಿರು. ಏಳೋ ಮೈಗಳ್ಳ!" ಆರು ತಿಂಗಳು ಹೀಗೇ ಬೈದು ಕೆಲಸಕ್ಕೆ ಅಟ್ಟಿದ್ದೇನೆ. ಅದನ್ನೇ ಡಾಕ್ಟರಮ್ಮನಿಗೂ ಹೇಳಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದೇ ಗುರುತು, ಅಜ್ಜಿ. ರಜೆ ದಿನ ಆರಾಮ, ಕೆಲಸಕ್ಕೆ ಹೋದ್ರೆ ಏದುಸಿರು. ಹಿಟ್ಟಿನ ಧೂಳೇ ಅಲರ್ಜಿ ಆಗಿರಬೇಕು. ಎಷ್ಟೋ ವರ್ಷ ಆದ್ಮೇಲೂ ಬರತ್ತೆ. ಇನ್ನು ಹಿಟ್ಟಿನ ಹತ್ರ ಹೋಗೋ ಹಾಗಿಲ್ಲ."

ರೋಗದ ಗುರುತು ನನ್ನ ಬಾಯಲ್ಲೇ ಇತ್ತು. ನಾನು ಅದನ್ನು ಬೈಗುಳ ಮಾಡಿಕೊಂಡಿದ್ದೆ.

ನಾನು ಮನೆಗೆ ಹೊರಡುವಾಗ ಮಗ ಕೈ ಹಿಡಿದ. "ಅಮ್ಮ, ನಂಗೆ ಬೇರೆ ಕೆಲಸ ಬರಲ್ಲ. ಮುಂದಿನ ಸೋಮವಾರ... ಎಲ್ಲಿಗೆ ಓಡಿಸ್ತೀಯ?"

ಒಂದಕ್ಕೆ ಹತ್ತು ಆಡುವವಳು ನಾನು, ಅವನ ಹೊದಿಕೆ ಸರಿಮಾಡಿ ಹೊರಗೆ ಬಂದೆ.

ಅವನ ಕೆಲಸದ ಅಂಗಿಗಳನ್ನು ಈಗ ಬಕೆಟ್ಟಿನಲ್ಲಿ ನೆನೆಹಾಕಿ ಬಂದೆ. ನೀರೆಲ್ಲ ಬೆಳ್ಳಗಾಯಿತು. ಅಂಗಿಯಲ್ಲೇ ಇಷ್ಟಿದ್ದರೆ, ಅವನ ಎದೆಯೊಳಗೆ ಎಷ್ಟಿರಬೇಡ?