ಹುಲಿಗೆವ್ವಳ ಹದಿನೇಳು ಒಡಕು

ಬಿಸಿಲಹಾಳ, ತುಂಗಭದ್ರೆಯ ಎಡದಂಡೆ
ಎರಡು ಸಾವಿರದ ಮುನ್ನೂರ ಹದಿನಾಲ್ಕನೆಯ ಇಸವಿ, ತಣಿತಿಂಗಳ ಐದನೆಯ ದಿನ

ಗಾಜಿನ ಕಾರ್ಖಾನೆಯಲ್ಲಿ ಕೂತು ಈ ವರ್ಷದ ಸನ್ಮಾನದ ಪಟ್ಟಿ ಬರೆಯುತ್ತಿರುವ ಗುಮಾಸ್ತರೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಆದರೆ ಡಿಸೆಂಬರಿನ ಕೊನೆಯ ವಾರದಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ತಲೆ ಕೆರೆದುಕೊಳ್ಳುತ್ತ, ಆರಿಹೋದ ಚಹಾದ ಮುಂದೆ ಕೂತಿದ್ದೀರಿ ಎಂಬುದನ್ನು ಬಲ್ಲೆ. ಇಪ್ಪತ್ತಾರು ವರ್ಷ ನಾನೂ ಅದೇ ಕೆಲಸ ಮಾಡಿದ್ದೇನೆ. ತಣಿತಿಂಗಳು ಎಂದರೆ ಯಾವುದು ಎಂದು ಕೇಳುತ್ತೀರಿ. ನಮ್ಮಲ್ಲಿ ಮೂವತ್ತು ದಿನದ ಹನ್ನೆರಡು ತಿಂಗಳು ಮುಗಿದ ಮೇಲೆ ಐದು ದಿನ ಮಿಗುತ್ತವೆ. ಆ ಐದು ದಿನ ಕುಲುಮೆ ತಣಿಯಲು ಬಿಡುತ್ತೇವೆ, ಊರೂ ತಣಿಯುತ್ತದೆ. ನನ್ನ ಮಾತಿನಲ್ಲಿ ಇಂಥ ಹೊಸ ಪದಗಳು ಅಲ್ಲಲ್ಲಿ ಕಾಲಿಗೆ ತೊಡರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ. ಊರಿಗೆ ವರ್ಷಕ್ಕೊಂದು ಪತ್ರವನ್ನು ಹಿಂದಿನ ಕಾಲಕ್ಕೆ ಕಳುಹಿಸುವ ಹಕ್ಕಿದೆ, ಅದಕ್ಕೆ ಹಿಂದಂಚೆ ಎನ್ನುತ್ತೇವೆ. ಅದು ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ, ಅಂಚೆಯವರಿಗೇ ಸರಿಯಾಗಿ ಗೊತ್ತಿಲ್ಲ.

ನೀವು ಶಪಿಸುತ್ತಿದ್ದ ಈ ಸೀಮೆಯ ಬಿಸಿಲೇ ನಮ್ಮ ಅನ್ನ. ಗುಡ್ಡದ ಮೇಲೆ ನಿಲ್ಲಿಸಿದ ಸಾವಿರಾರು ಕನ್ನಡಿಗಳು ಸೂರ್ಯನನ್ನು ಒಂದೇ ಬಾಯಿಗೆ ಸುರಿಯುತ್ತವೆ, ಆ ಬಾಯಿಯಲ್ಲಿ ಮರಳು ಕರಗಿ ಗಾಜಾಗುತ್ತದೆ. ಅದಕ್ಕೆ ಬಿಸಿಲುಕುಲುಮೆ ಎಂದು ಹೆಸರು. ಕಾಲುವೆಯ ನೀರು ಆವಿಯಾಗದಂತೆ ಹೊದಿಸುವ ಗಾಜು ಇಲ್ಲಿಯದು, ಬೀಜ ಕಾಯುವ ಭರಣಿಗಳು ಇಲ್ಲಿಯವು, ರೊಟ್ಟಿ ಬೇಯುವ ಹಂಚೂ ಗಾಜಿನದೇ. ನಮ್ಮ ಮಕ್ಕಳು ನಡೆಯಲು ಕಲಿಯುವ ಮೊದಲೇ ದಪ್ಪ ಮೆಟ್ಟು ಹಾಕಿಕೊಳ್ಳುತ್ತಾರೆ. ಎದುರು ಸಿಕ್ಕವರನ್ನು ಊಟವಾಯಿತೇ ಎಂದು ಕೇಳುವುದಿಲ್ಲ, ಕೈ ಕ್ಷೇಮವೇ ಎಂದು ಕೇಳುತ್ತೇವೆ. ಚಪ್ಪಾಳೆಯೂ ಇಲ್ಲ. ಮೆಚ್ಚಿಗೆಯಾದರೆ ಕೈಯಲ್ಲಿನ ಗಾಜಿನ ಲೋಟಕ್ಕೆ ಉಗುರಿನಿಂದ ತಟ್ಟುತ್ತೇವೆ. ಗಟ್ಟಿ ಲೋಟ ಗಂಟೆಯ ಹಾಗೆ ನುಡಿಯುತ್ತದೆ, ಬಿರುಕಿನ ಲೋಟ ಕೆಮ್ಮುತ್ತದೆ.

ಸನ್ಮಾನವಂತೂ ನಿಮ್ಮಿಂದಲೇ ಬಂದದ್ದು. ಶಾಲು ಉಳಿದಿದೆ, ಪೇಟ ಉಳಿದಿದೆ, ಹಣ್ಣಿನ ತಟ್ಟೆ ಕೂಡ ಉಳಿದಿದೆ. ಅಧ್ಯಕ್ಷರ ಭಾಷಣವನ್ನು ಮಾತ್ರ ನಮ್ಮ ಹಿರಿಯರು ಯಾವಾಗಲೋ ಕೈಬಿಟ್ಟರು, ಅವರ ಹೊಟ್ಟೆ ತಣ್ಣಗಿರಲಿ. ಸನ್ಮಾನಪತ್ರವನ್ನು ಒಂದು ಗಾಜಿನ ಹಲಗೆಯ ಮೇಲೆ ಕೊರೆಯುತ್ತೇವೆ. ಬಲಗಡೆ ಹೊಗಳಿಕೆ, ಎಡಗಡೆ ಆ ವ್ಯಕ್ತಿ ಕೆಲಸದಲ್ಲಿ ಒಡೆದದ್ದರ ಪಟ್ಟಿ. ಓದಿ ಮುಗಿದ ಮೇಲೆ ಹಲಗೆಯನ್ನು ನಡುಗೆರೆಯಲ್ಲಿ ಕೊಯ್ಯುತ್ತಾರೆ. ಹೊಗಳಿಕೆಯ ಅರ್ಧ ಕುಲುಮೆಯ ಬಾಯಿಗೆ ಹೋಗುತ್ತದೆ, ಹೊಸ ವರ್ಷದ ಮೊದಲ ಗಾಜಿನಲ್ಲಿ ಅದು ಕರಗಿರುತ್ತದೆ. ಒಡಕಿನ ಅರ್ಧವನ್ನು ಮನೆಯ ಗೋಡೆಗೆ ತೂಗುಹಾಕಿಕೊಳ್ಳಬೇಕು. ಗಾಜು ಒಡೆಯದವನು ಗಾಜು ಮುಟ್ಟದವನು ಎಂಬುದು ನಮ್ಮ ಗಾದೆ. ಹಾಗಾಗಿ ಒಂದಾದರೂ ಒಡಕಿಲ್ಲದವರಿಗೆ ಸನ್ಮಾನವಿಲ್ಲ. ಒಡೆದವರು ಅದರದೊಂದು ಚೂರನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೆಂಬುದೂ ಕಟ್ಟಳೆ. ಅದನ್ನು ಚೂರುಗುರುತು ಎನ್ನುತ್ತೇವೆ.

ಈಗ ನನ್ನ ಚೂರಿನ ಕಥೆ. ನಾನು ಮೊದಲು ಗುಮಾಸ್ತನಲ್ಲ, ಗಾಜು ಕೊಯ್ಯುವವನು. ನನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ ಬೀಜದಮನೆಯ ಮುಂಗಿಟಕಿಗೆಂದು ಎರಡಾಳೆತ್ತರದ ಹಲಗೆ ತಯಾರಾಯಿತು. ಅಷ್ಟು ದೊಡ್ಡದನ್ನು ಊರು ಕಂಡಿರಲಿಲ್ಲ. ಎಲ್ಲರೂ ನೋಡಲು ಬಂದಿದ್ದರು. ವಜ್ರದ ಮೊನೆಯಿಂದ ಗೆರೆ ಎಳೆದು, ಕೆಳಗಿನಿಂದ ಮೆಲ್ಲಗೆ ತಟ್ಟಿದೆ. ಬಿರುಕು ನನ್ನ ಗೆರೆಯನ್ನು ಬಿಟ್ಟು ಓರೆಯಾಗಿ ಮೂಲೆಗೆ ಓಡಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಂದಿನಿಂದ ನಾನು ಸೊಟ್ಟಗೆರೆ ಗವಿಸಿದ್ಧ. ಮೊನೆ ಹಿಡಿದರೆ ಕೈ ನಡುಗತೊಡಗಿತು. ಪಂಚರು ಕನಿಕರಪಟ್ಟು ಲೇಖನಿ ಕೊಟ್ಟರು. ಹೀಗೆ ಪರರ ಹೊಗಳಿಕೆ ಬರೆಯುವುದೇ ನನ್ನ ಬಾಳಾಯಿತು. ಸುಳ್ಳೇಕೆ, ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಊರನ್ನೇ ಬಿಟ್ಟುಹೋಗಬೇಕು ಎನ್ನಿಸಿದ್ದಿದೆ.

ಈ ವರ್ಷ ಪಂಚರು ಒಮ್ಮತದಿಂದ ಹೇಳಿದ ಹೆಸರು ಹುಲಿಗೆವ್ವ. ಆಕೆ ತಣಿಮನೆಯವಳು. ಕುಲುಮೆಯಿಂದ ಬಂದ ಗಾಜನ್ನು ಒಮ್ಮೆಲೇ ಗಾಳಿಗೆ ಇಟ್ಟರೆ ಅದರೊಳಗೆ ಬಿಗಿತ ಉಳಿದುಬಿಡುತ್ತದೆ, ಮುಂದೆ ಯಾವಾಗಲೋ ಸಣ್ಣ ಪೆಟ್ಟಿಗೆ ಒಡೆಯುತ್ತದೆ. ಅದನ್ನು ದಿನಗಟ್ಟಲೆ ಹದವಾಗಿ ಆರಿಸುವ ಮನೆಯೇ ತಣಿಮನೆ. ಮೂವತ್ತೆಂಟು ವರ್ಷ ಅದರ ಬಾಗಿಲನ್ನು ತೆರೆದವಳೂ ಆಕೆ, ಮುಚ್ಚಿದವಳೂ ಆಕೆ. ಈ ತಣಿತಿಂಗಳಿಗೆ ನಿವೃತ್ತಿ. ಹಿಂದೆ ಎಂಟು ಬಾರಿ ಆಕೆಯ ಹೆಸರು ಬಂದು ಎಂಟು ಬಾರಿಯೂ ಬಿದ್ದುಹೋಗಿತ್ತು, ಏಕೆಂದರೆ ಆಕೆಯ ಎಡಗಡೆ ಖಾಲಿ. ಮೂವತ್ತೆಂಟು ವರ್ಷದಲ್ಲಿ ಒಂದು ಲೋಟವನ್ನೂ ಒಡೆದಿಲ್ಲ.

ಯಾವುದಾದರೂ ಒಂದು ಬಟ್ಟಲು ಒಡೆದಳೆಂದು ಬರೆದು ಮುಗಿಸು ಎಂದು ಪಂಚರು ನನ್ನನ್ನು ಆಕೆಯ ಬಳಿಗೆ ಅಟ್ಟಿದರು. ಆಕೆ ಶೇಂಗಾ ಸುಲಿಯುತ್ತ ಕೂತಿದ್ದಳು. ಒಡೆಯದ್ದನ್ನು ಒಡೆದೆನೆಂದು ಹೇಳುವುದು ತನಗೆ ಬಾರದು, ಸನ್ಮಾನ ಬೇಡವಾದರೆ ಬೇಡ ಎಂದಳು. ಆ ಮಾತಿನಲ್ಲಿ ತುಸು ಬಿಗುಮಾನವೂ ಇತ್ತು. ಇಪ್ಪತ್ತಾರು ವರ್ಷದ ಕಹಿಯೆಲ್ಲ ನಾಲಗೆಯ ತುದಿಗೆ ಬಂತು.

"ತಣಿಮನ್ಯಾಗ ಏನೂ ಒಡ್ಯಂಗಿಲ್ಲ ಬಿಡಕ್ಕ. ಒಡ್ಯೂವೆಲ್ಲ ನಮ್ಮ ಕೈಯಾಗ ಒಡೀತಾವ," ಎಂದುಬಿಟ್ಟೆ.

ಚುಚ್ಚಲೆಂದೇ ಹೇಳಿದ ಮಾತು, ಅದರಾಚೆ ನನಗೆ ಬೇರೆ ಅರ್ಥ ಹೊಳೆದಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ಎದ್ದು ಬಂದೆ.

ಮರುದಿನದಿಂದ ಹುಲಿಗೆವ್ವ ಜೋಡಿಕಪ್ಪು ಹಿಡಿದು ಮನೆಮನೆ ತಿರುಗತೊಡಗಿದಳು. ಜೋಡಿಕಪ್ಪು ಎಂದರೆ ಎರಡು ಕಪ್ಪು ಬಿಲ್ಲೆಗಳು. ಅವುಗಳ ನಡುವೆ ಗಾಜನ್ನಿಟ್ಟು ಬಿಸಿಲಿಗೆ ಹಿಡಿದರೆ, ಹದವಾಗಿ ತಣಿದ ಗಾಜು ಕಪ್ಪಾಗಿಯೇ ಇರುತ್ತದೆ, ಬಿಗಿತ ಉಳಿದ ಗಾಜಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ಹರಡುತ್ತವೆ. ಈ ಉಪಕರಣ ನಮ್ಮೂರಿಗೆ ಬಂದು ಹನ್ನೆರಡು ವರ್ಷವಾಯಿತಷ್ಟೆ. ಅದಕ್ಕೂ ಮೊದಲು ತಣಿಮನೆಯ ಬಾಗಿಲು ತೆರೆಯುವ ಹೊತ್ತನ್ನು ಕೈಯಂದಾಜಿನಲ್ಲೇ ನಿರ್ಧರಿಸಬೇಕಿತ್ತು. ಆಕೆ ಹಳೆಯ ಚೂರುಗುರುತುಗಳನ್ನು ಕೇಳಿ ಪಡೆದು, ಬಿಸಿಲಿಗೆ ಹಿಡಿದು ನೋಡಿ, ಕೆಲವನ್ನು ಸೆರಗಿಗೆ ಕಟ್ಟಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳು. ಸನ್ಮಾನಕ್ಕೆ ಮತ ಕೇಳುತ್ತಿದ್ದಾಳೆ ಎಂದು ಊರು ಆಡಿಕೊಂಡಿತು. ನಾನೂ ಆಡಿಕೊಂಡೆ. ನಮ್ಮ ಮನೆಗೆ ಬಂದಾಗ ನಾನು ಒಳಗಿನಿಂದ ಎದ್ದು ಬರಲೇ ಇಲ್ಲ. ನನ್ನ ಹೆಂಡತಿಯೇ ಉಪ್ಪಿನ ಭರಣಿಯ ಹಿಂದಿದ್ದ ಚೂರನ್ನು ತೆಗೆದುಕೊಟ್ಟಳು. ಹುಲಿಗೆವ್ವ ಅಂಗಳದಲ್ಲಿ ಬಹಳ ಹೊತ್ತು ನಿಂತು ನೋಡಿದಳಂತೆ. ಎರಡು ದಿನ ತನ್ನ ಬಳಿ ಇರಲಿ ಎಂದು ಒಯ್ದಳು. ಅದನ್ನು ತೋರಿಸಿ ನಗುತ್ತಾಳೆ ಎಂದುಕೊಂಡೆ.

ನಿನ್ನೆ, ತಣಿತಿಂಗಳ ನಾಲ್ಕನೆಯ ದಿನ, ಕುಲುಮೆಯ ಬಯಲಿನಲ್ಲಿ ನಾಲ್ಕು ಸಾವಿರ ಜನ ಸೇರಿದ್ದರು. ಹಲಗೆಯ ಬಲಗಡೆ ನಾನು ಹನ್ನೊಂದು ಸಾಲು ಹೊಗಳಿಕೆ ಕೊರೆದಿದ್ದೆ. ಎಡಗಡೆ ಖಾಲಿ. ಆಕೆಗೆ ಹೇಳುವುದೇನಾದರೂ ಇದೆಯೇ ಎಂದು ಹಿರಿಯ ಪಂಚರು ಕೇಳಿದರು. ಇಲ್ಲವೆಂದರೆ ಒಂಬತ್ತನೆಯ ಬಾರಿಯೂ ಹೆಸರು ಬಿದ್ದಂತೆ. ಹುಲಿಗೆವ್ವ ವೇದಿಕೆ ಹತ್ತಿ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಹದಿನೇಳು ಚೂರುಗಳಿದ್ದವು. ಮೊದಲನೆಯದನ್ನು ಜೋಡಿಕಪ್ಪಿನ ನಡುವೆ ಇಟ್ಟು ಬಿಸಿಲಿಗೆ ಎತ್ತಿದಳು. ಕೆಂಪು, ಹಳದಿ, ನೀಲಿ ಬಣ್ಣಗಳು ಹಿಂದಿನ ಸಾಲಿನವರಿಗೂ ಕಂಡವು.

"ಇದು ಗವಿಸಿದ್ಧನ ಚೂರು. ಅವನ ಕೈ ಸೊಟ್ಟ ಇರಲಿಲ್ಲ," ಎಂದಳು. "ಆರು ದಿನ ಇಡಬೇಕಾದ ಹಲಗಿ ನಾ ನಾಕ ದಿನಕ್ಕ ಹೊರಗ ತಗದಿದ್ದೆ. ಬೀಜದಮನಿಯವ್ರು ಅವಸರ ಮಾಡಿದ್ರು, ಸಾಕು ಬಿಡು ಅಂದ್ಕೊಂಡೆ. ಇಪ್ಪತ್ತಾರು ವರ್ಷ ಇದು ಅವನ ಹೆಸರಿನ್ಯಾಗ ಐತಿ. ಇವತ್ತಿಂದ ನನ್ನ ಹೆಸರಿಗೆ ಬರೀರಿ."

ಮಿಕ್ಕ ಹದಿನಾರನ್ನೂ ಒಂದೊಂದಾಗಿ ಎತ್ತಿ ತೋರಿಸಿ, ಯಾರ ಹೆಸರಿನಲ್ಲಿತ್ತು, ಯಾವ ವರ್ಷ ಎಂದು ಹೇಳಿದಳು. ತನಗೆ ಇದು ಗೊತ್ತಿರಲಿಲ್ಲ, ಆದರೆ ಗೊತ್ತುಮಾಡಿಕೊಳ್ಳಲು ಹನ್ನೆರಡು ವರ್ಷದಿಂದ ಬಿಲ್ಲೆಗಳು ಕೈಯಲ್ಲೇ ಇದ್ದವು, ನೋಡಲಿಲ್ಲ, ತಪ್ಪು ಎರಡರಷ್ಟಾಯಿತು ಎಂದಳು. ಹದಿನೇಳು ಮಂದಿಯಲ್ಲಿ ಬದುಕಿದ್ದವರು ಹನ್ನೊಂದು ಜನ. ಕರೆಯದೆಯೇ ಅವರು ಎದ್ದು ನಿಂತರು. ಸತ್ತ ಆರು ಜನರ ಮಕ್ಕಳೂ ಎದ್ದು ನಿಂತರು. ನಾನು ಮಾತ್ರ ಅಳುತ್ತ ಕೂತೇ ಇದ್ದೆ. ಪಕ್ಕದವರು ರಟ್ಟೆ ಹಿಡಿದು ಎಬ್ಬಿಸಿದರು.

ಹಿರಿಯ ಪಂಚರು ಕೊರೆಯುವ ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. ಖಾಲಿಯಿದ್ದ ಎಡಗಡೆ ಹದಿನೇಳು ಒಡಕುಗಳನ್ನು ಬರೆದೆ. ಜಾಗ ಸಾಲದೆ ಕೊನೆಯವನ್ನು ಇರುವೆಗಾತ್ರದ ಅಕ್ಷರಗಳಲ್ಲಿ ತುರುಕಿದೆ. ಇಷ್ಟು ತುಂಬಿದ ಎಡಗಡೆ ಬಿಸಿಲಹಾಳದ ಇತಿಹಾಸದಲ್ಲೇ ಇಲ್ಲ. ಗಟ್ಟಿಯಾಗಿ ಓದಿದೆ. ಪೇಟ ಇಟ್ಟರು, ಶಾಲು ಹೊದಿಸಿದರು. ಇನ್ನು ಕೊಯ್ಯಬೇಕು. ಈಗಿನ ಕೊಯ್ಲುಗಾರ ಮೊನೆ ಹಿಡಿದು ಮುಂದೆ ಬಂದ. ಹುಲಿಗೆವ್ವ ಅವನ ಕೈಯಿಂದ ಅದನ್ನು ಇಸಿದುಕೊಂಡು ನನ್ನ ಮುಂದೆ ಚಾಚಿದಳು.

"ಈ ಹಲಗಿ ಹನ್ನೆರಡು ದಿನ ತಣಿಸೀನಿ. ಕೊಯ್ಯಿ ತಮ್ಮಾ."

ಕೈ ನಡುಗುತ್ತದೆ ಎಂದು ಕಾದೆ. ನಡುಗಲಿಲ್ಲ. ಗೆರೆ ಎಳೆದೆ, ಕೆಳಗಿನಿಂದ ತಟ್ಟಿದೆ. ಬಿರುಕು ಗೆರೆಯ ಮೇಲೆಯೇ ಹೊರಟು, ಆ ತುದಿಯಿಂದ ಈ ತುದಿಯವರೆಗೆ, ಕೂದಲೆಳೆಯಷ್ಟೂ ಆಚೀಚೆ ಸರಿಯದೆ ಬಂತು. ಎರಡು ಅರ್ಧಗಳು ನನ್ನ ಎರಡು ಕೈಯಲ್ಲಿದ್ದವು. ಆಮೇಲೆ ನಾಲ್ಕು ಸಾವಿರ ಲೋಟಗಳು ನುಡಿದವು. ಆ ನಾದ ನದಿ ದಾಟಿ ಬಲದಂಡೆಯ ಊರುಗಳಿಗೂ ಕೇಳಿತಂತೆ. ಹೊಗಳಿಕೆಯ ಅರ್ಧವನ್ನು ನಾನೇ ಒಯ್ದು ಕುಲುಮೆಯ ಬಾಯಲ್ಲಿಟ್ಟೆ. ಒಡಕಿನ ಅರ್ಧವನ್ನು ಹುಲಿಗೆವ್ವ ಕೂಸಿನ ಹಾಗೆ ಎದೆಗವಚಿಕೊಂಡು ಮನೆಗೆ ನಡೆದಳು. ಹಿಂದೆ ಹದಿನೇಳು ಮನೆಯವರೂ ಲೋಟ ನುಡಿಸುತ್ತ ಹೋದೆವು. ಹಿಂದಂಚೆಯ ಹಕ್ಕು ಸನ್ಮಾನಿತರದು. ಅದನ್ನು ಆಕೆ ನನಗೆ ಕೊಟ್ಟಳು, ಹಳೆಯ ಕಾಲದವರಿಗೂ ಇದನ್ನು ತಿಳಿಸು ಎಂದಳು.

ಆದ್ದರಿಂದ ಗುಮಾಸ್ತರೆ, ಒಂದು ಬೇಡಿಕೆ. ನಿಮ್ಮ ಪಟ್ಟಿಯ ಕೆಳಗೆ ಒಡಕುಗಳಿಗೆಂದು ನಾಲ್ಕು ಸಾಲು ಖಾಲಿ ಬಿಡಿ. ಶಾಲು ಯಾರಿಗಾದರೂ ಹೊದಿಸಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಿಮ್ಮ ಕಾರ್ಖಾನೆಯಲ್ಲೂ ಒಬ್ಬ ಸೊಟ್ಟಗೆರೆಯವನು ಇದ್ದೇ ಇರುತ್ತಾನೆ, ಮೂಲೆಯಲ್ಲಿ ಎಲ್ಲೋ ಕೂತು ಪರರ ಹೆಸರು ಬರೆಯುತ್ತಿರುತ್ತಾನೆ. ಯಾರ ಬಾಗಿಲು ಎರಡು ದಿನ ಮೊದಲೇ ತೆರೆದಿತ್ತು ಎಂದು ಒಮ್ಮೆ ವಿಚಾರಿಸಿ. ಅವನು ನೀವೇ ಆಗಿದ್ದರೆ, ನಿಮ್ಮ ಚೂರನ್ನು ಎಸೆಯಬೇಡಿ.

ನಾಳೆ ಬೆಳಿಗ್ಗೆ ಕುಲುಮೆ ಹೊತ್ತುತ್ತದೆ, ವರ್ಷದ ಮೊದಲ ಹಲಗೆ ಆರು ದಿನ ತಣಿದು ಏಳನೆಯ ದಿನ ಮೇಜಿಗೆ ಬರುತ್ತದೆ. ಅದನ್ನು ಕೊಯ್ಯುವವನ ಹೆಸರನ್ನು ಪಂಚರು ಆಗಲೇ ಕೆಲಸದ ಪಟ್ಟಿಗೆ ಹಾಕಿದ್ದಾರೆ. ಲೇಖನಿಯನ್ನು ತೊಳೆದು ಅವರಿಗೆ ಒಪ್ಪಿಸಬೇಕು, ಹಾಗಾಗಿ ಇಲ್ಲಿಗೆ ನಿಲ್ಲಿಸುತ್ತೇನೆ. ನಿಮ್ಮ ಕೈ ಕ್ಷೇಮವಿರಲಿ.

ಗವಿಸಿದ್ಧ
ಗಾಜು ಕೊಯ್ಯುವವನು, ಬಿಸಿಲಹಾಳ