ನಾನೇ ಮೊದಲು ಹೋಗುವ ಲೆಕ್ಕ

ಮಾರ್ಚ್ ೧೪

ಪ್ರೀತಿಯ ಕಾಜಾ,

ಮನೆಮಂದಿಯೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬಾಯ್ತುಂಬ ಬೈದುಬಿಡು. ಹೊಲಿಗೆ ಅಂಗಡಿ ಮುಚ್ಚುತ್ತಿದ್ದೀಯಂತೆ, ಮುಂದಿನ ಜೀವನಕ್ಕೆ ದುಡ್ಡಿನ ಏರ್ಪಾಡು ನಾನು ಹೇಗೆ ಮಾಡಿದೆನೋ ಹಾಗೇ ಮಾಡುತ್ತೀಯಂತೆ. ಮಾರಾಯ, ಅದೊಂದು ಮಾಡಬೇಡ.

ನನ್ನ ಲೆಕ್ಕ ನಿನಗೆ ಗೊತ್ತಲ್ಲ. ನನ್ನ ಹೆಂಡತಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು, ಸಾಲದ್ದಕ್ಕೆ ನನ್ನ ಎದೆಯ ಆಪರೇಷನ್ ಬೇರೆ. ಮೊದಲು ಹೋಗುವವನು ನಾನೇ ಎಂದು ದೇವರೇ ಬರೆದುಕೊಟ್ಟವನ ಹಾಗೆ ನಂಬಿದ್ದೆ. ಮನೆ, ಡೆಪಾಸಿಟ್ಟು, ಅಂಗಡಿ ಮಾರಿದ ಹಣ, ಎಲ್ಲ ಅವಳೊಬ್ಬಳ ಹೆಸರಿಗೆ. ನನ್ನ ಮರಣ ಪ್ರಮಾಣಪತ್ರ ಹಿಡಿದು ಅವಳು ಕೌಂಟರಿನಿಂದ ಕೌಂಟರಿಗೆ ಅಲೆಯಬಾರದೆಂದು ಜಂಟಿ ಖಾತೆಯಿಂದಲೂ ನನ್ನ ಹೆಸರು ತೆಗೆಸಿದೆ. "ನಿಂದೂ ಒಂದು ಹೆಸರಿರ್ಲಿ ಕಣೋ, ಯಾರಿಗ್ಗೊತ್ತು" ಎಂದು ನೀನು ಆವತ್ತೇ ಹೇಳಿದೆ. ಸುಮ್ನೆ ಗುಂಡಿಗೆ ಕಾಜಾ ಹಾಕು ಹೋಗು ಎಂದು ನಕ್ಕುಬಿಟ್ಟೆ. ಶಾಲೆ ಮಕ್ಕಳ ಬಟ್ಟೆಗೆ, ಬೆಳೆಯುತ್ತವೆ ಎಂದು, ಒಳಗೆ ಹೆಚ್ಚು ಬಟ್ಟೆ ಬಿಟ್ಟು ಹೊಲಿದವರು ನಾವು. ನನ್ನ ಲೆಕ್ಕಕ್ಕೆ ಮಾತ್ರ ಒಂದೆಳೆಯೂ ಬಿಡದೆ ಕತ್ತರಿಸಿದೆ.

ಅಷ್ಟಕ್ಕೇ ಬಿಟ್ಟೆನೇ? ನಾನು ಹೋದಮೇಲೆ ಯಾರಾದರೂ ಮೋಸ ಮಾಡಿಯಾರೆಂದು ಭಾನುವಾರ ಊಟವಾದ ಮೇಲೆ ಅವಳಿಗೆ ತಾಲೀಮು. ಕಳ್ಳನ ಪಾತ್ರ ನನ್ನದೇ. ಹೊರಗೆ ಹೋಗಿ ಬಾಗಿಲು ಬಡಿದು, "ನಿಮ್ಮ ಯಜಮಾನರ ದೊಡ್ಡಪ್ಪನ ಮಗ ಕಣಮ್ಮ, ಇಲ್ಲೊಂದು ಸೈನ್ ಹಾಕಿ" ಎನ್ನುತ್ತಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು, "ನಮ್ಮೆಜಮಾನ್ರು ಯಾರಿಗೂ ಹಾಕ್ಬೇಡ ಅಂದಿದ್ದಾರೆ, ನಡೀರಿ ಆಚೆ" ಎಂದು ಗದರಿಸುತ್ತಿದ್ದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು.

ಹೋದ ವರ್ಷದಿಂದ ಅವಳಿಗೆ ಮರೆವು. ಮೊದಲು ಒಲೆಯ ಮೇಲಿಟ್ಟದ್ದು ಮರೆತಳು, ಆಮೇಲೆ ನಮ್ಮ ಬೀದಿ, ಈಗ ನನ್ನ ಮುಖ. ತಾಲೀಮು ಮಾತ್ರ ಮರೆತಿಲ್ಲ. ನಾನು ಕಾಗದ ಹಿಡಿದು ಹತ್ತಿರ ಹೋದರೆ ಸಾಕು, "ನಡೀರಿ ಆಚೆ." ಈಗ ನಗು ಇಲ್ಲ, ನಿಜವಾದ ಭಯ. ಬ್ಯಾಂಕಿನ ಮ್ಯಾನೇಜರು ಒಳ್ಳೆಯವರೇ. "ಅವರೇ ಒಪ್ಪಿ ಸಹಿ ಮಾಡ್ಬೇಕು ಸಾರ್, ಇಲ್ಲಾಂದ್ರೆ ಕೋರ್ಟಿಂದ ಆರ್ಡರ್ ತನ್ನಿ" ಎಂದರು. ಕೋರ್ಟು ಎಂದರೆ ವರ್ಷಗಟ್ಟಲೆ. ಹಗಲು ರಾತ್ರಿ ಒಬ್ಬರು ಜೊತೆಗಿರಬೇಕು ಎನ್ನುತ್ತಾರೆ ಡಾಕ್ಟರು. ನನ್ನ ಮಿಷನ್ನು ಮಾರಿ ನರ್ಸಿಗೆ ಕೊಡುತ್ತಿದ್ದೆ, ಆ ಹಣವೂ ಮುಗಿಯಿತು. ತಿಂಗಳ ಕೊನೆಗೆ ಆಕೆ ಬಿಡುತ್ತಾಳೆ. ಬ್ಯಾಂಕಿನಲ್ಲಿ ದುಡ್ಡು ಕೊಳೆಯುತ್ತಿದೆ, ಮನೆಯಲ್ಲಿ ನಾವು. ನನಗೆ ಹೆದರಿಕೆಯಾಗುತ್ತಿದೆ ಕಣೋ.

ಅದಕ್ಕೇ ಹೇಳುತ್ತೇನೆ, ಇಬ್ಬರ ಹೆಸರೂ ಇರಲಿ, ಮಗಳದೂ ಸೇರಿಸು. ಸ್ವಲ್ಪ ಕೈಯಲ್ಲೇ ಇಟ್ಟುಕೋ. ವರ್ಷಕ್ಕೊಮ್ಮೆ ಕೂತು ಹಳೆಯ ಲೆಕ್ಕ ಬಿಚ್ಚಿ ಹೊಸದಾಗಿ ಹೊಲಿ. ನೀನು ಮೊದಲು ಹೋಗಬಹುದು, ನಿನ್ನವಳು ಹೋಗಬಹುದು, ಇಬ್ಬರೂ ಇದ್ದೂ ಇಲ್ಲದಂತಾಗಬಹುದು. ಯಾವುದಕ್ಕೂ ಜಾಗವಿರಲಿ.

ಮಗಳಿಗೆ, ಮೊಮ್ಮಗುವಿಗೆ ನನ್ನ ಆಶೀರ್ವಾದ. ನೂರು ಕಾಲ ಚೆನ್ನಾಗಿರಿ.

ನಿನ್ನ
ಕತ್ತರಿ

ಮರೆತ ಮಾತು: ಮೊನ್ನೆ ಚೆಕ್ಕು ಮುಂದಿಟ್ಟು, "ನಾನೇ ಕಣೇ, ನಿನ್ನ ಗಂಡ" ಎಂದೆ. ಕಿರುಚಿಕೊಂಡಳು. ಎದುರುಮನೆಯವರು ಓಡಿ ಬಂದರು. ಬೇರೆ ದಾರಿ ಕಾಣದೆ, ನಾನು ಕಾಜಾ ಎಂದು ನಿನ್ನ ಹೆಸರು ಹೇಳಿಬಿಟ್ಟೆ, ಕ್ಷಮಿಸು. ನೀನು ನೆನಪಿದ್ದೀಯ ಅವಳಿಗೆ! ಕೂರಿಸಿ ನೀರು ಕೊಟ್ಟಳು. ಸಹಿ ಕೇಳಲು ನನಗೆ ಬಾಯಿ ಬರಲಿಲ್ಲ. ಖಾಲಿ ಲೋಟ ತೆಗೆದುಕೊಳ್ಳುತ್ತ, "ಹೋಗೋವಾಗ ನಮ್ಮೆಜಮಾನ್ರಿಗೆ ನೋವಾಯ್ತಾ?" ಎಂದು ಕೇಳಿದಳು. ಇಲ್ಲ ಅತ್ತಿಗೆ, ನಿದ್ದೆಯಲ್ಲೇ ಹೋದ ಎಂದೆ.